ಆಯಿ ಎಂಜಿನ್ನಿಗೆ ವಿಭೂತಿ ಹಚ್ಚಿದ ದಿನ

ನಾನು ಚಿಕ್ಕವಳಿದ್ದಾಗ ಅತನೂರಿನಲ್ಲಿ ನಮ್ಮ ಮನೆಗೂ ಹಿಟ್ಟಿನ ಗಿರಣಿಗೂ ನಡುವೆ ಇದ್ದದ್ದು ಒಂದೇ ಒಂದು ಗೋಡೆ. ಗೋಡೆಯ ಆ ಕಡೆ ಎಂಜಿನ್, ಈ ಕಡೆ ನಮ್ಮ ಒಲೆ. ಎಂಜಿನ್ ನಡೆಯುವಾಗ ಗೋಡೆಯ ಮಾಡದಲ್ಲಿಟ್ಟ ಹಿತ್ತಾಳೆಯ ಚರಿಗೆಗಳು ನಡುಗುತ್ತ ನಡುಗುತ್ತ ಅಂಚಿಗೆ ಜರುಗಿ, ಒಂದೊಂದು ಸಲ ಢಣ್ ಅಂತ ಕೆಳಗೆ ಬೀಳುತ್ತಿದ್ದವು. ಅಕ್ಕ ಮತ್ತು ನಾನು ನಾವು ಬೀಳಿಸಿದ ಸಾಮಾನಿನ ತಪ್ಪನ್ನೂ ಎಂಜಿನ್ನಿನ ಮೇಲೆಯೇ ಹಾಕುತ್ತಿದ್ದೆವು. ಮಕ್ಕಳೇ, ತಪ್ಪು ಹಾಕಲು ನಿಮಗೆ ಬೆಕ್ಕು ಇದೆಯಲ್ಲ, ಹಾಗೆ ನಮಗೆ ಎಂಜಿನ್ ಇತ್ತು.

ಆಗ ನಿಜಾಮರ ಆಳ್ವಿಕೆ. ಊರಿಗೆ ಕರೆಂಟು ಬರುವುದಿರಲಿ, ಆ ಹೆಸರನ್ನೇ ನಾವು ಕೇಳಿರಲಿಲ್ಲ. ಗಿರಣಿ ನಡೆಯುತ್ತಿದ್ದದ್ದು ಕ್ರೂಡ್ ಎಣ್ಣೆಯ ಎಂಜಿನ್ನಿನಿಂದ. ಅಪ್ಪನಿಗಿಂತ ಎತ್ತರ, ಕಡುಹಸಿರು ಬಣ್ಣ, ಎರಡೂ ಪಕ್ಕಕ್ಕೆ ಬಂಡಿಯ ಗಾಲಿಯಷ್ಟು ದೊಡ್ಡ ಕಬ್ಬಿಣದ ಗಾಲಿಗಳು. ಒಂದು ಗಾಲಿಗೆ ಅಗಲವಾದ ಪಟ್ಟಾ ಸುತ್ತಿ ಬೀಸುವ ಕಲ್ಲಿಗೆ ಜೋಡಿಸಿದ್ದರು. ಸುಟ್ಟ ಎಣ್ಣೆ, ಬಿಸಿ ಕಬ್ಬಿಣ, ಆಗಷ್ಟೇ ಬೀಸಿದ ಬೆಚ್ಚನೆಯ ಜೋಳದ ಹಿಟ್ಟು, ಇವು ಮೂರೂ ಸೇರಿದ ಒಂದು ವಾಸನೆ ಆ ಕೋಣೆಯಲ್ಲಿ ಯಾವಾಗಲೂ ಇರುತ್ತಿತ್ತು. ಅಪ್ಪ ಊಟಕ್ಕೆ ಕೂತಾಗ ಅವನ ಮೈಯಿಂದಲೂ ಅದೇ ವಾಸನೆ. ಎಲ್ಲರ ಅಪ್ಪಂದಿರೂ ಹಾಗೆಯೇ ಇರುತ್ತಾರೆಂದು ನಾನು ಬಹಳ ಕಾಲ ನಂಬಿದ್ದೆ.

ಅಪ್ಪ ಆಗಿನ್ನೂ ಎಂಜಿನ್ ಡ್ರೈವರ್ ಆಗಿರಲಿಲ್ಲ. ಎಣ್ಣೆ ಬಿಡುವುದು, ಪಟ್ಟಾ ಏರಿಸುವುದು, ಸವೆದ ಬೀಸುವ ಕಲ್ಲನ್ನು ಉಳಿ ಹಿಡಿದು ಮತ್ತೆ ಒರಟು ಮಾಡುವುದು ಅವನ ಕೆಲಸ. ಡ್ರೈವರ್ ಬೇರೊಬ್ಬ ಇದ್ದ. ದೀಪಾವಳಿ ಮುಗಿಸಿಕೊಂಡು ಆ ಡ್ರೈವರ್ ಸೋಲಾಪುರದ ಬಟ್ಟೆ ಗಿರಣಿ ಸೇರಿದ. ಅವನು ಹೋದ ಮೇಲೆ ಎಂಜಿನ್ನಿಗೂ ಏನಾಯಿತೋ, ದಮ್ಮು ಹತ್ತಿದ ಮುದುಕನ ಹಾಗೆ ಏದುಸಿರು ಬಿಡತೊಡಗಿತು. ಕೊನೆಗೊಂದು ದಿನ ಎಷ್ಟು ತಿರುವಿದರೂ ಅದು ಹತ್ತಲೇ ಇಲ್ಲ.

ಗಿರಣಿಯ ಒಡೆಯರು ನಮ್ಮೂರ ಸಾವ್ಕಾರರು. ಕೆಟ್ಟವರೇನಲ್ಲ. ಕಟ್ಟೆಯ ಮೇಲೆ ಇಸ್ಪೀಟು ಆಡುವುದೊಂದು ಬಿಟ್ಟರೆ ಬೇರೆ ಚಟವೂ ಇರಲಿಲ್ಲ. ಸೋಲಾಪುರದಿಂದ ಹೊಸ ಡ್ರೈವರನನ್ನು ಕರೆಸುತ್ತೇನೆ, ರಿಪೇರಿಯನ್ನೂ ಅವನೇ ಮಾಡಲಿ, ಗಿರಣಿಯ ಮನೆಯಲ್ಲೂ ಅವನೇ ಇರಲಿ ಎಂದರು. ಗಿರಣಿಯ ಮನೆ ಎಂದರೆ ನಮ್ಮ ಮನೆ. ಅಪ್ಪ ಮೂರನೆಯ ದಿನ ಹೋಗಿ, "ಸಾವ್ಕಾರ್ರ, ಎಂಜಿನ್ ನಾನ ಬಿಚ್ತೇನ್ರಿ, ನಾನ ಕೂಡಸ್ತೇನ್ರಿ. ಎಳ್ಳಮಾಸಿ ಒಳಗ ನಡಸಿ ತೋರಸ್ತೇನಿ" ಎಂದು ಹೇಳಿ ಬಂದ. ನಡೆದರೆ ಅಪ್ಪನೇ ಡ್ರೈವರ್. ನಡೆಯದಿದ್ದರೆ ಅಪ್ಪನೂ ಕೆಲಸ ಹುಡುಕಿಕೊಂಡು ಸೋಲಾಪುರಕ್ಕೆ ಹೋಗಬೇಕು, ನಾವು ಆಯಿಯ ಜೊತೆ ಇಲ್ಲೇ ಎಲ್ಲಾದರೂ ಇರಬೇಕು. ಆಯಿ ಅಂದರೆ ಅಪ್ಪನ ತಾಯಿ. ಅವ್ವ ಆಗ ಹೆರಿಗೆಗೆಂದು ಗೊಬ್ಬೂರಿನ ತವರಿಗೆ ಹೋಗಿದ್ದಳು. ಅವ್ವನೂ ಇಲ್ಲ, ಇನ್ನು ಅಪ್ಪನೂ ಇಲ್ಲ ಅಂದರೆ ಹೇಗೆ ಎಂದು ನೆನೆದು ನಾನು ಅಪ್ಪನ ಹಿಂದೆ ಹಿಂದೆಯೇ ಓಡಾಡುತ್ತಿದ್ದೆ. ಅಕ್ಕ ನನಗಿಂತ ದೊಡ್ಡವಳು, ಅದನ್ನು ನನಗೆ ಮೇಲಿಂದ ಮೇಲೆ ನೆನಪಿಸುವವಳು, ಅವಳೂ ಆಗ ನನ್ನ ಜೊತೆ ಅವನ ಹಿಂದೆಯೇ ಇರುತ್ತಿದ್ದಳು.

ಎಳ್ಳಮಾವಾಸ್ಯೆ ನಮ್ಮ ಕಡೆ ಎಷ್ಟು ದೊಡ್ಡ ಹಬ್ಬ ಅಂತ ನಿಮಗೆ ಗೊತ್ತು. ಹಬ್ಬದ ಮುಂಚೆ ಇಡೀ ಊರಿಗೆ ಹಿಟ್ಟು ಬೇಕು. ಸಜ್ಜೆ ರೊಟ್ಟಿಗೆ ಹಿಟ್ಟು, ಜೋಳದ ಕಡುಬಿಗೆ ಹಿಟ್ಟು, ಹೋಳಿಗೆಗೆ ಹಿಟ್ಟು. ಹೊಲಕ್ಕೆ ಬುಟ್ಟಿ ತುಂಬಿ ಒಯ್ಯದಿದ್ದರೆ ಆ ಮನೆಯವಳ ಮುಖ ಸಣ್ಣದಾಗುತ್ತಿತ್ತು. ಹಬ್ಬದ ಹಿಂದಿನ ದಿನ ಬೆಳಗಾಗುವಷ್ಟರಲ್ಲಿ ಗಿರಣಿಯ ಮುಂದೆ ಬುಟ್ಟಿಗಳ ಸಾಲು ಬಾವಿಯವರೆಗೆ ಬಂದಿತ್ತು. ಎಂಜಿನ್ ಬಿಚ್ಚಿ ಹಾಕಿದೆ ಎಂದರೂ ಹೆಂಗಸರು ಕೇಳಲಿಲ್ಲ. ಬುಟ್ಟಿ ಇಟ್ಟು, ಅದರ ಪಕ್ಕದಲ್ಲೇ ಕೂತು ಕಡಲೆ ಗಿಡದ ಕಾಯಿ ಸುಲಿದು ತಿನ್ನುತ್ತ ಹರಟೆ ಹೊಡೆಯತೊಡಗಿದರು.

ಆ ಹೊತ್ತಿಗೆ ಅಪ್ಪನ ಕೆಲಸ ಮುಕ್ಕಾಲು ಮುಗಿದಿತ್ತು. ಇಲ್ಲಿ ಸ್ವಲ್ಪ ಎಂಜಿನ್ನಿನ ವಿಷಯ ಹೇಳಬೇಕು, ಆಕಳಿಸಬೇಡಿ. ಎಂಜಿನ್ನಿಗೆ ಎರಡು ಬಾಗಿಲು. ಒಂದರಿಂದ ಗಾಳಿ ಒಳಗೆ ಬರುತ್ತದೆ, ಇನ್ನೊಂದರಿಂದ ಹೊಗೆ ಹೊರಗೆ ಹೋಗುತ್ತದೆ. ಬಾಗಿಲು ಅಂದರೆ ಅಣಬೆಯ ಆಕಾರದ ಕಬ್ಬಿಣದ ಮುಚ್ಚಳ, ವಾಲ್ವು ಅನ್ನುತ್ತಾರೆ. ಸ್ಪ್ರಿಂಗು ಅದನ್ನು ಯಾವಾಗಲೂ ಮುಚ್ಚಿಯೇ ಹಿಡಿದಿರುತ್ತದೆ. ತೆರೆಯಬೇಕಾದರೆ ಮೇಲಿನಿಂದ ಒತ್ತಬೇಕು. ಹಾಗೆ ಒತ್ತುವ ಕೈಗೆ ರಾಕರ್ ಅಂತ ಹೆಸರು. ಅಂಗಡಿಯ ತಕ್ಕಡಿಯ ದಂಡಿಗೆಯ ಹಾಗೆ ಅದಕ್ಕೂ ನಡುವೆ ಆಸರೆ. ಎಂಜಿನ್ನಿನ ಹೊಟ್ಟೆಯೊಳಗಿಂದ ಒಂದು ಉದ್ದನೆಯ ಸಳಿ, ಅಂದರೆ ಕಬ್ಬಿಣದ ಕಡ್ಡಿ, ಮೇಲೆದ್ದು ರಾಕರಿನ ಈ ತುದಿಯನ್ನು ಎತ್ತಿದರೆ, ಆ ತುದಿ ಇಳಿದು ಬಾಗಿಲನ್ನು ಒತ್ತುತ್ತದೆ. ಸಳಿ ಕೂತರೆ ಬಾಗಿಲು ಮುಚ್ಚುತ್ತದೆ. ಎರಡು ಬಾಗಿಲಿಗೆ ಎರಡು ರಾಕರ್, ಎರಡು ಸಳಿ. ಇಷ್ಟು ಗೊತ್ತಿದ್ದರೆ ಸಾಕು.

ಬಾಗಿಲುಗಳು ಸವೆದು ಗಾಳಿ ಸೋರುತ್ತಿದ್ದುದೇ ಎಂಜಿನ್ನಿನ ರೋಗ. ಅಪ್ಪ ಎಂಜಿನ್ನಿನ ತಲೆಯನ್ನು ಬಿಚ್ಚಿ ಕೆಳಗಿಟ್ಟು, ಎಣ್ಣೆಯಲ್ಲಿ ಕಲಸಿದ ಸಾಣೆ ಪುಡಿ ಹಚ್ಚಿ, ಎರಡೂ ಬಾಗಿಲುಗಳನ್ನು ಅಂಗೈ ನಡುವೆ ಕಡಗೋಲು ತಿರುವಿದಂತೆ ತಿರುವಿ ತಿರುವಿ ಉಜ್ಜಿದ್ದ. ಅವು ಬೆಳ್ಳಿಯ ಬಟ್ಟಲಿನ ಹಾಗೆ ಹೊಳೆಯುತ್ತಿದ್ದವು. ಇನ್ನು ತಲೆ ಕೂಡಿಸಿ, ರಾಕರ್ ಹಾಕಿದರೆ ಆಯಿತು. ಹಳೆಯ ಡ್ರೈವರ್ ಒಮ್ಮೆ ಅಪ್ಪನಿಗೆ ಹೇಳಿದ್ದನಂತೆ, ಬಿಚ್ಚುವಾಗ ಗಾಲಿ ಎಲ್ಲಿ ನಿಂತಿರುತ್ತದೋ ಕೂಡಿಸುವಾಗಲೂ ಅಲ್ಲೇ ನಿಂತಿರಬೇಕು, ಸುಣ್ಣದಲ್ಲಿ ಗುರುತು ಮಾಡಿಟ್ಟುಕೋ, ಆಮೇಲೆ ಅಲುಗಿಸಬೇಡ ಅಂತ. ಯಾಕೆ ಅಂತ ಅವನು ಹೇಳಲಿಲ್ಲ, ಅಪ್ಪ ಕೇಳಲಿಲ್ಲ. ಅಪ್ಪ ಗಾಲಿಯ ಅಂಚಿಗೆ ಒಂದು ಸುಣ್ಣದ ಗೆರೆ ಎಳೆದು, ಅದು ಅಲುಗದಂತೆ ಕೆಳಗೆ ಕಟ್ಟಿಗೆಯ ತುಂಡು ಕೊಟ್ಟಿದ್ದ.

ಸೀಮೆಎಣ್ಣೆ ತರಲೆಂದು ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಸಾವ್ಕಾರರ ಮನೆಗೆ ಹೋದ. ನಾವು ತಿರುಗಿ ಬರುವಾಗ ದೂರದಿಂದಲೇ ಊದಿನಕಡ್ಡಿಯ ವಾಸನೆ ಬಂತು. ಎಂಜಿನ್ ಕೋಣೆಯಿಂದ ಊದಿನಕಡ್ಡಿಯ ವಾಸನೆ ಯಾಕೆ ಬರಬೇಕು? ಅಪ್ಪ ಡಬ್ಬಿಯನ್ನು ಅಕ್ಕನ ಕೈಗೆ ಕೊಟ್ಟು ಓಡಿದ.

ಒಳಗೆ ಆಯಿ ಪೂಜೆ ಮುಗಿಸಿ, ನೆಲಕ್ಕೆ ಹಣೆ ಹಚ್ಚಿ ಏಳುತ್ತಿದ್ದಳು. ಪಕ್ಕದ ಮನೆಯ ಕಾಕಿ ಗಂಟೆ ಬಾರಿಸುತ್ತಿದ್ದಳು. ಗಾಲಿಯ ಸುತ್ತ, ಬೆರಳು ಇಡುವಷ್ಟೂ ಜಾಗ ಬಿಡದಂತೆ, ಮೂರು ಮೂರು ಎಳೆಯ ವಿಭೂತಿ. ವಿಭೂತಿಯ ನಡುವೆ ಕುಂಕುಮ. ಕೆಳಗಿಟ್ಟ ಎಂಜಿನ್ನಿನ ತಲೆಗೂ ಒಂದು ದೊಡ್ಡ ಕುಂಕುಮದ ಬೊಟ್ಟು, ಮೇಲೊಂದು ಚೆಂಡು ಹೂವು. ಕಟ್ಟಿಗೆಯ ತುಂಡು ಮೂಲೆಯಲ್ಲಿ ಬಿದ್ದಿತ್ತು.

"ಯವ್ವಾ, ಗಾಲಿ ತಿರುವಿದಿ ಏನು?" ಎಂದು ಕೇಳಿದ ಅಪ್ಪ.

"ತಿರುವಲಾರದ ಹ್ಯಾಂಗ ಹಚ್ಚಲಿ? ಮ್ಯಾಲಿನ ಅರ್ಧಕ್ಕ ಪೂಜಾ ಮಾಡಿ ಕೆಳಗಿನ ಅರ್ಧ ಉಪಾಸ ಕೆಡವಲೇನು? ಹಬ್ಬದ ಮುಂದ ತಲಿ ಒಂದ್ ಕಡಿ, ಮೈ ಒಂದ್ ಕಡಿ ಬಿದ್ದಾವ. ನೋಡಿ ನನ್ನ ಎದಿ ಝಲ್ ಅಂತು" ಎಂದಳು ಆಯಿ.

"ಸುಣ್ಣದ ಗೆರಿ ಇತ್ತಲ್ಲ ಯವ್ವಾ?"

"ಅದಾ? ಹೊಲಸಾಗಿತ್ತು, ಒರಸೇನಿ. ವಿಭೂತಿ ಅದಕ್ಕಿಂತ ಚಲೋ ಕಾಣಸ್ತದ ನೋಡು."

ಅಪ್ಪ ಖಾಲಿ ಚೀಲದ ಮೇಲೆ ಕುಕ್ಕರಿಸಿಬಿಟ್ಟ. ತಾಯಿಗೆ ಬೈಯುವ ಹಾಗಿಲ್ಲ, ಗಾಲಿಗೆ ಬೈದು ಉಪಯೋಗವಿಲ್ಲ. ಆಯಿಗೆ ಆಗ ಏನೋ ತಪ್ಪಾಗಿದೆ ಅನಿಸಿರಬೇಕು, ಗಾಲಿಯ ಸುತ್ತ ಸುತ್ತಿ ಒಂದು ಕಡೆ ಬೆರಳಿಟ್ಟು, ನಿನ್ನ ಗೆರೆ ಇದ್ದದ್ದು ಇಲ್ಲೇ, ದೇವರಾಣೆ ಇಲ್ಲೇ ಎಂದಳು. ಆಯಿಯ ಕಣ್ಣಿಗೆ ಅಂಗಳದಲ್ಲಿ ನಿಂತ ಎಮ್ಮೆಯೂ ಆಗ ಸರಿಯಾಗಿ ಕಾಣುತ್ತಿರಲಿಲ್ಲ. ಆದರೆ ದೇವರಾಣೆ ಅಂದ ಮೇಲೆ ಅಪ್ಪ ಏನು ಮಾಡುತ್ತಾನೆ?

ಮಧ್ಯಾಹ್ನದ ಹೊತ್ತಿಗೆ ತಲೆ ಕೂತಿತು. ಆಯಿ ತೋರಿಸಿದ ಜಾಗಕ್ಕೆ ಗಾಲಿ ನಿಲ್ಲಿಸಿ ಅಪ್ಪ ರಾಕರ್ ಎರಡನ್ನೂ ಕೂಡಿಸಿ, ಪಾನಾದಿಂದ ನಟ್ಟು ಬಿಗಿದ. ರಾಕರಿಗೂ ಬಾಗಿಲ ತುದಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಅದನ್ನು ಅಳೆಯಲು ಹಳೆಯ ಡ್ರೈವರ್ ಇಸ್ಪೀಟಿನ ಎಲೆ ಇಡುತ್ತಿದ್ದ. ಎಂಜಿನ್ ನೋಡಲು ಬಂದಿದ್ದ ಸಾವ್ಕಾರರು ತಮ್ಮ ಜೇಬಿನ ಕಟ್ಟಿನಿಂದ ಒಂದು ಎಲೆ ಕೊಟ್ಟರು. ರಾಜನ ಎಲೆ ಬೇಡ, ಎಣ್ಣೆ ಹತ್ತುತ್ತದೆ ಎಂದು ಹುಡುಕಿ ಹುಡುಕಿ ಸಣ್ಣ ಎಲೆಯನ್ನೇ ಕೊಟ್ಟರು ಅನ್ನುವುದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಅಪ್ಪ ಹ್ಯಾಂಡಲ್ ಹಾಕಿ ತಿರುವಿದ. ಗಾಲಿಗೆ ವೇಗ ಬಂತು. ಆಯಿ ಆರತಿ ತಟ್ಟೆ ಹಿಡಿದು ಮುಂದೆ ಬಂದು ನಿಂತಳು.

ಎಂಜಿನ್ ಒಂದೇ ಒಂದು ಸಲ ಢಬ್ ಅಂತು. ಹೊಗೆ ಹೊರಗೆ ಹೋಗುವ ಬಾಗಿಲು ತೆರೆಯಲೇ ಇಲ್ಲ, ಹಾಗಾಗಿ ಅದು ಗಾಳಿ ಬರುವ ದಾರಿಯಿಂದಲೇ ಬುಸ್ಸೆಂದು ತಿರುಗಿ ಬಂತು. ಆ ದಾರಿಗೆ ಎದುರಾಗಿ ನಿಂತಿದ್ದವಳು ಆಯಿ. ಹೊಗೆ ತಿಳಿಯಾದಾಗ ಆರತಿ ಆರಿತ್ತು. ಆಯಿಯ ಮುಖದಲ್ಲಿ ಎರಡು ಕಣ್ಣು ಮಾತ್ರ ಬೆಳ್ಳಗಿದ್ದವು. "ನಾ ಅದಕ್ಕ ವಿಭೂತಿ ಹಚ್ಚಿದೆ, ಅದು ನನಗ ಮಸಿ ಹಚ್ಚಿತಲ್ಲೇ ಯವ್ವಾ!" ಎಂದಳು. ಹೊರಗಿನ ಹೆಂಗಸರು ಬಿದ್ದು ಬಿದ್ದು ನಕ್ಕರು. ಅಕ್ಕ ನನ್ನ ಮೇಲೆ ಬಿದ್ದಳು, ನಾನು ಜೋಳದ ಬುಟ್ಟಿಯ ಮೇಲೆ ಬಿದ್ದೆ.

ಸಾವ್ಕಾರರೂ ನಗುತ್ತಲೇ ಹೇಳಿದರು, "ತಮ್ಮಾ, ದೀಪಾ ಹಚ್ಚೂ ಹೊತ್ತಿನ ತನಕ ನೋಡ್ತೇನಿ. ಅಲ್ಲೀತನಾ ಆಗಲಿಲ್ಲಂದ್ರ ನಮ್ಮ ಆಳು ಸೋಲಾಪುರಕ್ಕ ಹೋಗ್ತಾನ. ನಾನೂ ಊರಿಗಿ ಜವಾಬು ಕೊಡಬೇಕಲ್ಲಪ್ಪ." ನನಗೆ ನಗು ಅಲ್ಲಿಗೇ ನಿಂತುಹೋಯಿತು. ಅಪ್ಪ ಹೌದ್ರಿ ಎಂದಷ್ಟೇ ಹೇಳಿ, ಕೈ ಒರೆಸಿಕೊಂಡು, ನಟ್ಟುಗಳನ್ನು ಮತ್ತೆ ಬಿಚ್ಚತೊಡಗಿದ.

ರಾಕರ್ ಎರಡೂ ಮತ್ತೆ ಕೆಳಗೆ ಬಂದವು. ಗಾಲಿ ಹಗುರಾಗಿ ತಿರುಗಲೆಂದು ಎಣ್ಣೆ ಚಿಮ್ಮುವ ನಳಿಗೆಯನ್ನೂ ಅಪ್ಪ ಬಿಚ್ಚಿಟ್ಟ. ಈಗ ಅಪ್ಪನಿಗೆ ಉಳಿದಿದ್ದ ದಾರಿ ಒಂದೇ, ಗಾಲಿಯನ್ನು ಮೆಲ್ಲಗೆ ತಿರುವಿ ತಿರುವಿ, ವಿಭೂತಿಯ ಅಡಿಯಲ್ಲಿ ಸುಣ್ಣದ ಕಲೆ ಎಲ್ಲಾದರೂ ಉಳಿದಿದೆಯೇ ಎಂದು ನೋಡುವುದು. ಗಾಲಿ ಭಾರ. ಹಿಡಿದು ನಿಲ್ಲಿಸುತ್ತ ತಿರುವಲು ಒಬ್ಬನ ಕೈಯಲ್ಲಿ ಆಗದು. ಗಂಡಸರೆಲ್ಲ ಹೊಲದಲ್ಲಿ ಹಬ್ಬದ ಗುಡಿಸಲು ಕಟ್ಟಲು ಹೋಗಿದ್ದರು. ಅಪ್ಪ ಯಾರನ್ನು ಕರೆಯಲಿ ಎಂದು ಅತ್ತಿತ್ತ ನೋಡುವಷ್ಟರಲ್ಲಿ ಕಾಕಿ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಏಳ್ರಿ ಬೇ, ದಿನಾ ಬೀಸುಕಲ್ಲು ತಿರುವಾಕತ್ತಿದ್ವಲ್ಲ, ಇದೊಂದು ನೆಟ್ಟಗ ನಿಂತದ ಅಷ್ಟ!" ಎಂದಳು. ಆ ಗಾಲಿಗೆ ಇಬ್ಬರು, ಈ ಗಾಲಿಗೆ ಇಬ್ಬರು ನಿಂತರು. ಉಳಿದವರು ಸರದಿಗೆ ಕಾದರು. ಬೀಸುವಾಗಿನ ಹಾಗೆಯೇ ಇಲ್ಲೂ ಅವರಿಗೆ ಹಾಡಿಲ್ಲದೆ ಕೈಯೇ ಓಡಲಿಲ್ಲ. ಕಾಕಿ ಅಲ್ಲಿಯೇ ಒಂದು ಪದ ಕಟ್ಟಿದಳು. ಮಸಿ ಮುಖದ ಅತ್ತೆ, ಕಬ್ಬಿಣದ ಸೊಸೆ ಅಂತ ಏನೋ ಇತ್ತು. ಆಯಿ ಮುಖ ತೊಳೆಯುತ್ತ ಹೊರಗಿನಿಂದಲೇ ಬೈಯುತ್ತಿದ್ದಳು.

ಅಕ್ಕನಿಗೂ ನನಗೂ ಅಪ್ಪ ಒಂದು ಕೆಲಸ ಕೊಟ್ಟ. ರಾಕರ್ ಇಲ್ಲದೆ ಸಳಿಗಳು ಬಿಡಿಯಾಗಿ ನಿಂತಿದ್ದವಲ್ಲ, ಗಾಲಿ ತಿರುಗುವಾಗ ಅವು ಜಾಗ ತಪ್ಪಿ ವಾಲಬಾರದು. ಎಂಜಿನ್ನಿನ ಪಕ್ಕದ ಎತ್ತರದ ಪೆಟ್ಟಿಗೆಯ ಮೇಲೆ ನಮ್ಮಿಬ್ಬರನ್ನೂ ಹತ್ತಿಸಿ, ಸಳಿಯ ತಲೆಗೆ ಬೆರಳು ಸುತ್ತಿ ಸಡಿಲವಾಗಿ ಹಿಡಿಯಲು ಹೇಳಿದ. ಹೊಗೆಯ ಬಾಗಿಲಿನ ಸಳಿ ಅಕ್ಕನದು, ಗಾಳಿಯ ಬಾಗಿಲಿನದು ನನ್ನದು. ಎಣ್ಣೆ ಹತ್ತಿದ ಕಬ್ಬಿಣ, ಚಳಿಗಾಲದ ದಿನ, ಬೆರಳಿಗೆ ತಣ್ಣಗೆ ಕೊರೆಯಿತು. ಅಷ್ಟರಲ್ಲಿ ಕೆಳಗೆ ಗಾಲಿ ಹೊರಳಿತು, ಎಣ್ಣೆ ಚಿಮ್ಮುವ ನಳಿಗೆಯ ಖಾಲಿ ತೂತಿನಿಂದ ಗಾಳಿ ಭುಸ್ ಅಂತು. ನನ್ನ ಬೆರಳುಗಳ ನಡುವೆ ಸಳಿ ಜೀವ ಬಂದಂತೆ ಮೇಲೆದ್ದಿತು. ನಾನು ಕೂಗಿಬಿಟ್ಟೆ, "ನಂದು ಎದ್ದಿತು!"

ಅಕ್ಕ ಸುಮ್ಮನಿರುತ್ತಾಳೆಯೇ? ಅವಳೂ ತನ್ನದು ಏಳುವುದನ್ನೇ ಕಾದು ಕೂತಳು. ಎದ್ದ ಕೂಡಲೇ "ನಂದೂ ಎದ್ದಿತು!" ಎಂದಳು. ಅವಳದು ಕೂರುವಷ್ಟರಲ್ಲಿ ನನ್ನದು ಏಳುತ್ತಿತ್ತು. "ನಂದು ಕೂತಿತು!" "ನಂದು ಎದ್ದಿತು!" ಅಂತ ನಮ್ಮದೊಂದು ಆಟವೇ ಶುರುವಾಯಿತು. ಯಾರ ಸಳಿ ಹೆಚ್ಚು ಎತ್ತರ ಏಳುತ್ತದೆ ಎಂದು ಜಗಳವೂ ಆಯಿತು. ಗಾಲಿ ತಿರುವುವ ಹೆಂಗಸರಿಗೆ ಅದು ಹಾಡಿನ ಪಲ್ಲವಿಯ ಹಾಗೆ ಆಯಿತು, ನಾವು ಕೂಗಿದಾಗೆಲ್ಲ ಅವರೂ ಹೋ ಎನ್ನತೊಡಗಿದರು. ಅಪ್ಪ ಮಾತ್ರ ಗಾಲಿಯ ಹತ್ತಿರ ಮೊಣಕಾಲೂರಿ, ಒದ್ದೆ ಬಟ್ಟೆಯಲ್ಲಿ ವಿಭೂತಿ ಒರೆಸುತ್ತ ಸುಣ್ಣ ಹುಡುಕುತ್ತಿದ್ದ. ಸುಣ್ಣವೂ ಬಿಳಿ, ವಿಭೂತಿಯೂ ಬಿಳಿ. ಏನು ಸಿಗುತ್ತದೆ?

ಎಷ್ಟು ಹೊತ್ತು ಹಾಗೆ ನಡೆಯಿತೋ. ಕಿಟಕಿಯಿಂದ ಬರುತ್ತಿದ್ದ ಬಿಸಿಲು ಗೋಡೆ ಹತ್ತಿ ಕೆಂಪಾಗತೊಡಗಿತ್ತು. ಆಗ ಅಪ್ಪ ತಲೆಯೆತ್ತಿ, "ಯಾಕ ಸುಮ್ಮನಾದ್ರಿ? ಸಳಿ ಬಿಟ್ರಿ ಏನು?" ಎಂದು ಗದರಿದ. ಗಾಲಿ ತಿರುಗುತ್ತಲೇ ಇತ್ತು, ನಮ್ಮಿಬ್ಬರಿಂದ ಸದ್ದಿಲ್ಲ. ನಾವು ನಿದ್ದೆ ಹೋದೆವೆಂದು ಅವನಿಗೆ ಅನಿಸಿರಬೇಕು.

"ನಾವ್ ಹಿಡದೇವಪ್ಪಾ. ಇವು ಏಳವಲ್ವು" ಎಂದಳು ಅಕ್ಕ.

"ಎರಡೂ ಮಲಗ್ಯಾವ" ಎಂದೆ ನಾನು. "ಪ್ರತಿ ಸಲಾನೂ ಹಿಂಗ ಮಾಡ್ತಾವಪ್ಪಾ. ಅಕ್ಕಂದು ಕುಣೀತದ, ನಂದು ಕುಣೀತದ, ಆಮ್ಯಾಲ ಎರಡೂ ಮಲಗ್ತಾವ."

ಅಪ್ಪ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗೆ ಹಾಕಿ ಎದ್ದ. ಆಮೇಲೆ ಕಾಕಿಗೆ ಮೆಲ್ಲಗೆ ತಿರುವಲು ಹೇಳಿ, ಗಾಲಿ ಬಿಟ್ಟು ನಮ್ಮ ಪೆಟ್ಟಿಗೆಯ ಹತ್ತಿರ ಬಂದ. ಅವನ ಕಣ್ಣು ಈಗ ಸಳಿಗಳ ಮೇಲೆ. ಅಕ್ಕನದು ಎದ್ದು ಕೂತಿತು, ನನ್ನದು ಎದ್ದು ಕೂತಿತು. ಆಮೇಲೆ ಹೆಚ್ಚು ಕಡಿಮೆ ಒಂದಿಡೀ ಸುತ್ತು ಎರಡೂ ಗಪ್‌ಚಿಪ್. ಮತ್ತೆ ಅಕ್ಕನದು. ಅಪ್ಪ ಇನ್ನೊಮ್ಮೆ ತಿರುವಿಸಿದ, ಮತ್ತೊಮ್ಮೆ ತಿರುವಿಸಿದ. ಹಾಡು ನಿಂತಿತ್ತು. ಎಲ್ಲರೂ ಅಪ್ಪನ ಮುಖವನ್ನೇ ನೋಡುತ್ತಿದ್ದರು.

ಒಮ್ಮೆಲೇ ಅಪ್ಪ ಗಟ್ಟಿಯಾಗಿ ನಕ್ಕ. ಅಷ್ಟು ದಿನಗಳ ಮೇಲೆ ಅವನು ನಕ್ಕದ್ದು ನೋಡಿ ನನಗೆ ಅಳುವೇ ಬಂತು. ಸಳಿ ಎರಡೂ ಕೂತಿವೆ ಅಂದರೆ ಬಾಗಿಲು ಎರಡೂ ಮುಚ್ಚುವ ಹೊತ್ತು. ಎಂಜಿನ್ ಉಸಿರು ಬಿಗಿಹಿಡಿದು, ಒಳಗೆ ಬೆಂಕಿ ಹೊತ್ತಿಸಿಕೊಳ್ಳುವ ಹೊತ್ತು. ರಾಕರನ್ನು ಆಗಲೇ ಕೂಡಿಸಬೇಕು, ಆಗಲೇ ಸಂದು ಅಳೆಯಬೇಕು. ನಿಲ್ಲಿಸಿದ ಎಂಜಿನ್ನಿನ ಗಾಲಿ ಹೆಚ್ಚಾಗಿ ಇಲ್ಲಿಗೇ ಬಂದು ನಿಲ್ಲುತ್ತದೆ, ಹಳೆಯ ಡ್ರೈವರ್ ಸುಣ್ಣದಲ್ಲಿ ಗುರುತು ಮಾಡು ಅಂದದ್ದು ಈ ಜಾಗವನ್ನೇ. ಮಧ್ಯಾಹ್ನ ಆಯಿ ತೋರಿಸಿದ ಜಾಗದಲ್ಲಿ ಅಕ್ಕನ ಸಳಿ ಎದ್ದು ನಿಂತಿತ್ತು. ಎದ್ದ ಸಳಿಗೆ ಅಳತೆ ಮಾಡಿ ಕೂಡಿಸಿದ್ದಕ್ಕೆ, ಅದು ಕೂತಾಗ ಸಂದು ದೊಡ್ಡದಾಗಿ, ಮತ್ತೆ ಪೂರ್ತಿ ಎದ್ದಾಗಲೂ ರಾಕರ್ ಹೊಗೆಯ ಬಾಗಿಲನ್ನು ಒತ್ತಲೇ ಇಲ್ಲ. ಅಪ್ಪ ಇದನ್ನೆಲ್ಲ ನಮಗೆ ಆಮೇಲೆ ರೊಟ್ಟಿ ತಿನ್ನುತ್ತ ತಿಳಿಸಿ ಹೇಳಿದ. ಆಗ ಹೇಳಿದ್ದು ಇಷ್ಟೇ: "ಗುರುತು ಗಾಲಿ ಮ್ಯಾಲ ಹುಡುಕಾಕತ್ತಿದ್ದೆ. ಅದು ನಿಮ್ಮ ಬೆರಳಾಗ ಇತ್ತಲ್ರೇ!"

ಆಮೇಲಿನ ಗಡಿಬಿಡಿ ಕೇಳಬೇಡಿ. ಅಪ್ಪ ನಿಲ್ಲಿಸಿ ಅಂದ ಕೂಡಲೇ ಹೆಂಗಸರು ಗಾಲಿಗೆ ಜೋತುಬಿದ್ದು ಹಿಡಿದರು. ಅಲುಗಿದರೆ ನೋಡು ಎಂದು ಕಾಕಿ ಎಲ್ಲರಿಗೂ ಕಣ್ಣು ಬಿಡುತ್ತಿದ್ದಳು. ನಾವಿಬ್ಬರೂ ಉಸಿರು ಸಹ ಬಿಡದೆ ಸಳಿ ಹಿಡಿದೆವು. ಅಪ್ಪ ರಾಕರ್ ಇಟ್ಟ, ನಟ್ಟು ಬಿಗಿದ, ಸಂದಿನಲ್ಲಿ ಇಸ್ಪೀಟಿನ ಎಲೆ ತೂರಿಸಿ ಎಳೆದ. ಎಲೆ ಬಿಗಿಯೂ ಅಲ್ಲ, ಸಡಿಲವೂ ಅಲ್ಲ ಅನ್ನುವಂತೆ ಮೆಲ್ಲಗೆ ಜಾರಿ ಬಂತು. ಇನ್ನೊಂದಕ್ಕೂ ಹಾಗೆಯೇ. ಎಣ್ಣೆಯ ನಳಿಗೆ ಕೂತಿತು. ಹೊರಗೆ ಸಾವ್ಕಾರರ ಆಳು ರುಮಾಲು ಸುತ್ತಿಕೊಂಡು, ಬುತ್ತಿಗಂಟು ಹಿಡಿದು ಬಂದು ನಿಂತಿದ್ದ. ಯಾರ ಮನೆಯಲ್ಲೋ ಆಗಲೇ ದೀಪ ಹಚ್ಚಿದ್ದರು.

ಅಪ್ಪ ಹ್ಯಾಂಡಲ್ ಹಿಡಿದ. ಈ ಸಲ ಆಯಿ ದೂರ, ಬಾಗಿಲ ಹೊರಗೆ ನಿಂತು ಕಣ್ಣು ಮುಚ್ಚಿಕೊಂಡಿದ್ದಳು. ಅಪ್ಪ ತಿರುವಿದ, ಕೈಗಳ ನರ ಉಬ್ಬಿದವು. ಗಾಲಿ ಒಂದು, ಎರಡು, ಮೂರು ಸುತ್ತು ಉರುಳಿ ವೇಗ ಹಿಡಿಯಿತು. ಅಪ್ಪ ಮೇಲಿನ ಪುಟ್ಟ ಹಿಡಿಕೆಯನ್ನು ಒತ್ತಿ, ಒಳಗಿನ ಗಾಳಿ ಸೋರದಂತೆ ಬಿಗಿ ಮಾಡಿದ. ಢಬ್. ನಾನು ಕಿವಿ ಮುಚ್ಚಿಕೊಂಡೆ. ಆಮೇಲೆ ಏನೂ ಇಲ್ಲ ಅನ್ನುವಷ್ಟರಲ್ಲಿ ಇನ್ನೊಂದು ಢಬ್. ಛಾವಣಿಯ ಮೇಲಿನ ಕೊಳವೆಯಿಂದ ಕಪ್ಪು ಹೊಗೆಯ ಉಂಡೆಯೊಂದು ಆಕಾಶಕ್ಕೆ ಹಾರಿತು. ಆಮೇಲೆ ಢಬ್, ಢಬ್, ಢಬ್, ಢಬ್ ಎಂದು ಅದು ನಿಲ್ಲದೆ ಹೊಡೆಯಿತು. ರಾಕರ್ ಎರಡೂ ಸರದಿಯಂತೆ ತಲೆ ಬಾಗಿಸಿ ಎತ್ತುತ್ತಿದ್ದವು. ಗೋಡೆಯ ಆ ಕಡೆ ನಮ್ಮ ಮನೆಯಲ್ಲಿ ಒಂದು ಚರಿಗೆ ಢಣ್ ಅಂತ ಬಿತ್ತು. ಹೆಂಗಸರು ಬುಟ್ಟಿಗಳ ಕಡೆ ಓಡಿದರು, ಗಾಲಿ ತಿರುವಿದವರದೇ ಮೊದಲ ಸರದಿ ಎಂದು ಕಾಕಿ ಅಡ್ಡ ನಿಂತಳು, ಮತ್ತೆ ಒಂದು ಜಗಳ ಶುರುವಾಯಿತು. ಸಾವ್ಕಾರರು ಬಂದು ಸ್ವಲ್ಪ ಹೊತ್ತು ನೋಡಿ, ತಮ್ಮ ಆಳಿಗೆ ಮನೆಗೆ ಹೋಗಲು ಹೇಳಿದರು. ಅಪ್ಪನನ್ನು ಎಲ್ಲರ ಮುಂದೆ "ಡ್ರೈವರ್ ಸಾಹೇಬ್ರ" ಎಂದು ಕರೆದರು. ಅಪ್ಪ ನಾಚಿ ಕೆಂಪಾದದ್ದು ಮಸಿಯ ನಡುವೆಯೂ ಕಂಡಿತು.

ಆಯಿ ಮಾತ್ರ ಯಾರ ಮಾತನ್ನೂ ಒಪ್ಪಲಿಲ್ಲ. ಸಳಿಯಂತೆ, ನಿದ್ದೆಯಂತೆ, ಅದೆಲ್ಲ ಹುಚ್ಚು ಮಾತು. "ಪೂಜಾ ಮಾಡೀನಿ, ಸುರು ಆಗ್ಯಾದ. ಪೂಜಾ ಫಲ ಕೊಡಾಕ ಸ್ವಲ್ಪ ಹೊತ್ತು ಬೇಕೋ ಬ್ಯಾಡೋ?" ಎಂದು ಎದುರಾದವರಿಗೆಲ್ಲ ಕೇಳಿದಳು. ಸಾಯುವ ತನಕ ಅದನ್ನೇ ಹೇಳಿದಳು. ಅಪ್ಪ ಹೌದವ್ವಾ ಎನ್ನುತ್ತಿದ್ದ. ಆದರೆ ಮುಂದೆ ಎಂಜಿನ್ ಬಿಚ್ಚಿದಾಗೆಲ್ಲ ಕೋಣೆಗೆ ಬೀಗ ಹಾಕಿಯೇ ಹೊರಗೆ ಬರುತ್ತಿದ್ದ.

ಮರುದಿನ ಹೊಲದಲ್ಲಿ ಹಬ್ಬ. ಹಾಲು ತುಂಬಿದ ಜೋಳದ ತೆನೆಗಳ ನಡುವೆ, ಕಡಲೆ ಗಿಡದ ಹುಳಿ ವಾಸನೆಯಲ್ಲಿ ಕೂತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಕಡುಬು, ಅಂಬಲಿ ತಿಂದೆವು. ಗಾಲಿ ತಿರುವಿದ ಮನೆಗಳಿಂದಲೆಲ್ಲ ಅಪ್ಪನಿಗೊಂದು ರೊಟ್ಟಿ ಬಂತು. ಅಷ್ಟು ರೊಟ್ಟಿ ತಿಂದ ಅಪ್ಪ ಬನ್ನಿ ಮರದ ನೆರಳಲ್ಲಿ ಕಾಲು ಚಾಚಿ ಮಲಗಿಬಿಟ್ಟ. ಅವನು ಗೊರಕೆ ಹೊಡೆಯುವುದನ್ನು ಕೇಳುತ್ತ ನಾನು ಪಕ್ಕದಲ್ಲೇ ಕೂತಿದ್ದೆ. ಅಕ್ಕ ಆಡಲು ಕರೆದಳು, ನಾನು ಹೋಗಲಿಲ್ಲ. ಕೆಲವು ದಿನಗಳಲ್ಲಿ ಅವ್ವ ತಮ್ಮನನ್ನು ಎತ್ತಿಕೊಂಡು ಗೊಬ್ಬೂರಿನಿಂದ ಬಂದಳು. ಎಂಜಿನ್ ನಡೆದರೇನೇ ಅವನಿಗೆ ನಿದ್ದೆ ಬರುತ್ತಿತ್ತು.

ಮಕ್ಕಳೇ, ಈಗ ನಿಮ್ಮ ಮನೆಯಲ್ಲಿ ಗುಂಡಿ ಒತ್ತಿದರೆ ಮಿಕ್ಸಿ ತಿರುಗುತ್ತದೆ, ಗುಂಡಿ ಒತ್ತಿದರೆ ಗಾಡಿ ಹೊರಡುತ್ತದೆ. ಹಿಟ್ಟು ಚೀಲದಲ್ಲಿ ಬರುತ್ತದೆ. ಯಾವ ಎಂಜಿನ್ನಿನ ಬಾಗಿಲು ಯಾವಾಗ ತೆರೆಯುತ್ತದೆ ಎಂದು ಯಾರೂ ಬೆರಳಿಟ್ಟು ನೋಡಬೇಕಾಗಿಲ್ಲ. ಒಳ್ಳೆಯದೇ ಆಯಿತು. ಆ ಗಾಲಿ ತಿರುವಿ ಕಾಕಿಯ ಭುಜ ಎಷ್ಟು ದಿನ ನೋಯುತ್ತಿತ್ತು ಅನ್ನುವುದನ್ನು ಅವಳ ಬಾಯಿಂದಲೇ ಕೇಳಿದ್ದೇನೆ. ಹಳೆಯದೆಲ್ಲ ಚೆಂದ ಎಂದು ನಾನು ಹೇಳುವುದಿಲ್ಲ.

ಆದರೆ ಒಂದು ಮಾತಿದೆ. ನಿಮ್ಮಪ್ಪ ದಿನಾ ಸಂಜೆ ಕಲಬುರಗಿಯಿಂದ ಕೆಲಸ ಮುಗಿಸಿಕೊಂಡು ಬಂದು ಗೇಟಿನ ಹತ್ತಿರ ಮೋಟಾರ್ ಸೈಕಲ್ ನಿಲ್ಲಿಸುತ್ತಾನೆ. ಆ ಸದ್ದು ನಿಮಗೆ ಕೇಳಿಸುತ್ತದೆ, ಆದರೆ ಮೊಬೈಲಿನಿಂದ ತಲೆ ಎತ್ತುವುದಿಲ್ಲ. ಅಪ್ಪ ಅಲ್ಲವೇ, ಬಂದೇ ಬರುತ್ತಾನೆ ಎಂದುಕೊಂಡಿದ್ದೀರಿ. ಈ ಮುದುಕಿ ಮಾತ್ರ ಮೊಣಕಾಲು ನೋಯುತ್ತಿದ್ದರೂ ಗೋಡೆ ಹಿಡಿದುಕೊಂಡು ಬಾಗಿಲ ತನಕ ಹೋಗುವುದನ್ನು ಕಂಡು ನೀವು ನಗುತ್ತೀರಿ. ಇವತ್ತು ಸಂಜೆ ನನಗಿಂತ ಮೊದಲು ಓಡಿ ಹೋಗಿ ಬಾಗಿಲು ತೆರೆಯಿರಿ ನೋಡೋಣ.